ಅರ್ಕಾ ಅನಾಮಿಕ ಬೆಂಡೆ ಬೀಜ v/s ಸೊಪ್ಪಿನ ಗಾಡಿ ಬಸಳೆ ದಂಟು: ಟೆರೇಸಲ್ಲಿ ಯಾವುದು ಹಾಕೋದು?

ಹೊಸದಾಗಿ ಟೆರೇಸಲ್ಲಿ ತರಕಾರಿ ಶುರು ಮಾಡೋರಿಗೆ ಎಲ್ಲರೂ ಹೇಳೋದು ಈ ಎರಡರಲ್ಲಿ ಒಂದು, ಬೆಂಡೆ ಹಾಕಿ ತುಂಬಾ ಸುಲಭ, ಇಲ್ಲಾ ಬಸಳೆ ಹಾಕಿ ಅದು ತಾನಾಗೇ ಬರತ್ತೆ ಅಂತ. ಎರಡೂ ಸುಳ್ಳಲ್ಲ. ಆದ್ರೆ ಯಾವ ಟೆರೇಸಿಗೆ ಸುಲಭ, ಎಷ್ಟು ಬ್ಯಾಗ್ (ಮಣ್ಣು ತುಂಬಿ ಗಿಡ ಬೆಳೆಸೋ ಚೀಲ) ಇರೋರಿಗೆ ಸುಲಭ, ವಾರದಲ್ಲಿ ಎರಡು ದಿನ ಊರಿಗೆ ಹೋಗೋರಿಗೆ ಯಾವುದು ಸುಲಭ ಅಂತ ಬಿಡಿಸಿ ಹೇಳೋರು ಕಮ್ಮಿ. ನಾನು ಎರಡನ್ನೂ ಬೆಳೆಸ್ತಾ ಇದೀನಿ, ಬೆಂಗಳೂರಲ್ಲಿ ಬಾಡಿಗೆ ಮನೆ, ಮೇಲೆ ಟೆರೇಸು, ಅದರಲ್ಲಿ ಅರ್ಧ ಭಾಗಕ್ಕೆ ಮಧ್ಯಾಹ್ನ ಆದ್ಮೇಲೆ ಪಕ್ಕದ ಅಪಾರ್ಟ್‌ಮೆಂಟಿನ ನೆರಳು ಬೀಳತ್ತೆ. ಈ ನೆರಳು ಇರೋದ್ರಿಂದಾನೇ ಎರಡಕ್ಕೂ ಇರೋ ವ್ಯತ್ಯಾಸ ಚೆನ್ನಾಗಿ ಗೊತ್ತಾಯ್ತು ಅನ್ನಬಹುದು.

ಮೊದಲು ಬೆಂಡೆ ಪ್ಯಾಕೆಟ್ ಬಗ್ಗೆ. ನಾನು ತಗೊಂಡಿದ್ದು ಅರ್ಕಾ ಅನಾಮಿಕ. ಇದು ನಮ್ಮ ಹೆಸರಘಟ್ಟದ ಐಐಎಚ್‌ಆರ್, ಅಂದ್ರೆ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯೋರು ಮಾಡಿರೋ ತಳಿ, ಹೊಸದೇನಲ್ಲ, ಬಹಳ ವರ್ಷದಿಂದ ರೈತರು ಹಾಕ್ತಾ ಇರೋದೇ. ಸಂಸ್ಥೆಯ ಬೀಜದ ಕೌಂಟರಲ್ಲೂ ಸಿಗತ್ತೆ, ಅವರ ಆನ್‌ಲೈನ್ ಪೋರ್ಟಲಲ್ಲಿ ಆರ್ಡರ್ ಮಾಡಬಹುದು, ಅದೇ ತಳಿನ ಬೇರೆ ಕಂಪನಿಗಳೂ ಪ್ಯಾಕ್ ಮಾಡಿ ಬೀಜದ ಅಂಗಡಿಗಳಲ್ಲಿ ಮಾರ್ತಾರೆ. ಬೆಂಡೆಗೆ ಬರೋ ದೊಡ್ಡ ಕಾಯಿಲೆ ಹಳದಿ ನಂಜು, ಎಲೆಯ ನರಗಳೆಲ್ಲ ಬಲೆ ಥರ ಹಳದಿ ಆಗಿ ಕಾಯಿನೂ ಬಿಳಿಚಿಕೊಂಡು ಗಟ್ಟಿಯಾಗತ್ತಲ್ಲ, ಅದು ಬಿಳಿ ನೊಣದಿಂದ ಹರಡೋ ವೈರಸ್ಸು. ಅದನ್ನ ತಡೀಲಿ ಅಂತ ಕಾಡು ಬೆಂಡೆ ಜಾತಿ ಜೊತೆ ಕ್ರಾಸ್ ಮಾಡಿ ಇದನ್ನ ಮಾಡಿದ್ದು. ಈಗ ಆ ತಡೆಯೋ ಶಕ್ತಿ ಮೊದಲಿನಷ್ಟು ಇಲ್ಲ, ಹಲವು ಕಡೆ ಇದಕ್ಕೂ ನಂಜು ಬರತ್ತೆ, ಅದನ್ನ ಮೊದಲೇ ಹೇಳಿಬಿಡ್ತೀನಿ, ಪ್ಯಾಕೆಟ್ ಮೇಲೆ ರೋಗ ನಿರೋಧಕ ಅಂತ ಓದಿ ನಿಶ್ಚಿಂತೆಯಿಂದ ಕೂರಬೇಡಿ. ಹಾಗಂತ ಹೆಸರಿಲ್ಲದ ಪ್ಯಾಕೆಟ್ಟಿಗಿಂತ ಇದು ಎಷ್ಟೋ ವಾಸಿ.

ಇದರಲ್ಲಿ ನನಗೆ ಬಹಳ ಇಷ್ಟ ಆದದ್ದು ಇದು ಹೈಬ್ರಿಡ್ ಅಲ್ಲ ಅನ್ನೋದು. ಒಂದೆರಡು ಕಾಯಿ ಗಿಡದಲ್ಲೇ ಒಣಗೋಕೆ ಬಿಟ್ರೆ ಮುಂದಿನ ಸಲಕ್ಕೆ ಬೀಜ ಮನೇಲೇ ಆಯ್ತು, ತಳಿ ಕೆಡಲ್ಲ. ಪಕ್ಕದಲ್ಲಿ ಬೇರೆ ಜಾತಿ ಬೆಂಡೆ ಇದ್ರೆ ಜೇನುಹುಳ ಸ್ವಲ್ಪ ಬೆರಕೆ ಮಾಡತ್ತೆ, ಮನೆ ಖರ್ಚಿಗೆ ಅದೇನೂ ತೊಂದ್ರೆ ಇಲ್ಲ. ಎಫ್1, ಅಂದ್ರೆ ಹೈಬ್ರಿಡ್, ಅಂತ ಬರೆದಿರೋ ಪ್ಯಾಕೆಟ್ ತಗೊಂಡ್ರೆ ಈ ಭಾಗ್ಯ ಇಲ್ಲ, ಅದರ ಬೀಜ ಹಾಕಿದ್ರೆ ಒಂದೊಂದು ಗಿಡ ಒಂದೊಂದು ಥರ ಬರತ್ತೆ.

ಪ್ಯಾಕೆಟ್ ತಗೊಳೋವಾಗ ಮುಂದಿನ ಫೋಟೋ ನೋಡಬೇಡಿ, ಹಿಂದೆ ತಿರುಗಿಸಿ. ಪರೀಕ್ಷೆ ಮಾಡಿದ ದಿನಾಂಕ ಇರತ್ತೆ, ಅಲ್ಲಿಂದ 9 ತಿಂಗಳು ಅದರ ವಾಯಿದೆ. ಮೊಳಕೆ ಪ್ರಮಾಣ ಅಂತ ಇನ್ನೊಂದು ಸಾಲಿರತ್ತೆ, ಬೆಂಡೆಗೆ ಕನಿಷ್ಠ 65 ಪರ್ಸೆಂಟ್ ಇರಬೇಕು ಅಂತ ನಿಯಮ, ಅಂದ್ರೆ ಹತ್ತು ಬೀಜ ಹಾಕಿ ಏಳು ಬಂದ್ರೆ ಅಂಗಡಿಯವನ ಜೊತೆ ಜಗಳಕ್ಕೆ ಹೋಗೋ ಹಾಗಿಲ್ಲ. ಬೀಜ ಗುಲಾಬಿನೋ ನೀಲಿನೋ ಬಣ್ಣ ಇದ್ರೆ ಅದು ಔಷಧಿ ಹಚ್ಚಿರೋದು, ಮಕ್ಕಳ ಕೈಗೆ ಕೊಡಬೇಡಿ. ಈ ಎರಡು ಸಾಲೂ ಇಲ್ಲದೆ ಬರೀ ಪಾರದರ್ಶಕ ಕವರಲ್ಲಿ ಬಿಳಿ ಸ್ಟಿಕರ್ ಅಂಟಿಸಿ ಇಷ್ಟು ಥರ ತರಕಾರಿ ಬೀಜ ಒಂದೇ ಕಾಂಬೋದಲ್ಲಿ ಅಂತ ಆನ್‌ಲೈನಲ್ಲಿ ಮಾರ್ತಾರಲ್ಲ, ಹೆಸರು ಹೇಳಲ್ಲ, ಅಂಥದೊಂದು ನಮ್ಮನೆಗೂ ಬಂದಿತ್ತು, ಅದರಲ್ಲಿ ಅರ್ಧದಷ್ಟು ಮಣ್ಣಲ್ಲೇ ಕರಗಿ ಹೋಯ್ತು, ರಿವ್ಯೂ ಹಾಕಿದ್ರೆ ನೀವು ನೀರು ಜಾಸ್ತಿ ಹಾಕಿದೀರ ಸರ್ ಅಂತ ಉತ್ತರ. ಅದಕ್ಕಿಂತ ಊರ ಬೀಜದ ಅಂಗಡಿ ನೂರು ಪಾಲು ಮೇಲು, ಅಲ್ಲಿ ರೈತರು ಬರ್ತಾರೆ, ಹುಟ್ಟದೇ ಇರೋ ಬೀಜ ಮಾರಿದ್ರೆ ಮಾರನೇ ವಾರ ಬಂದು ಅಂಗಡಿ ಮುಂದೆ ನಿಂತ್ಕೋತಾರೆ ಅನ್ನೋ ಭಯ ಇರತ್ತೆ.

ಇನ್ನು ಬೆಳೆಸೋದು. ರಾತ್ರಿ ನೀರಲ್ಲಿ ನೆನೆಹಾಕಿ ಬೆಳಿಗ್ಗೆ ನೇರ ಬ್ಯಾಗಿಗೇ ಹಾಕಬೇಕು. ಬೆಂಡೆಗೆ ತಾಯಿ ಬೇರು ಉದ್ದಕ್ಕೆ ಇಳಿಯತ್ತೆ, ಅದನ್ನ ಕಿತ್ತು ನೆಡೋದು ಅದಕ್ಕೆ ಆಗಿಬರಲ್ಲ. ಕೆಲವು ನರ್ಸರಿಗಳಲ್ಲಿ ಟ್ರೇಯಲ್ಲಿ ಬೆಂಡೆ ಸಸಿ ಅಂತ ಇಟ್ಟಿರ್ತಾರೆ, ಟೊಮ್ಯಾಟೊ ಬದನೆ ಮೆಣಸಿನಕಾಯಿಗೆ ಅದು ಸರಿ, ಬೆಂಡೆಗೆ ದುಡ್ಡು ದಂಡ. ಒಂದು 12 ಇಂಚಿನ ಬ್ಯಾಗಿಗೆ ಒಂದೇ ಗಿಡ ಉಳಿಸ್ಕೊಳ್ಳಿ, ಎರಡು ಮೂರು ಬೀಜ ಹಾಕಿ ಬಲವಾಗಿರೋದನ್ನ ಬಿಟ್ಟು ಮಿಕ್ಕಿದ್ದನ್ನ ಕೀಳೋಕೆ ಕರುಳು ಚುರುಕ್ ಅನ್ನತ್ತೆ, ಆದ್ರೂ ಕೀಳಿ. ದಿನಕ್ಕೆ 6 ಗಂಟೆ ನೇರ ಬಿಸಿಲು ಬೇಕೇ ಬೇಕು. ನಮ್ಮ ಟೆರೇಸಿನ ನೆರಳಿನ ಕಡೆ ಇಟ್ಟ ಬೆಂಡೆ ಎತ್ತರಕ್ಕೆ ಹೋಯ್ತು, ಎಲೆ ಅಗಲ ಆಯ್ತು, ನೋಡೋಕೆ ಲಕ್ಷಣವಾಗಿತ್ತು, ಕಾಯಿ ಮಾತ್ರ ನೆಂಟರ ಥರ ಅಪರೂಪಕ್ಕೆ. ಬಿಸಿಲಿನ ಕಡೆ ಇಟ್ಟಿದ್ದು ಅದರ ಅರ್ಧ ಎತ್ತರದಲ್ಲೇ ಹೂ ಬಿಡ್ತು. ಅದೇ ಬೀಜ, ಅದೇ ಮಣ್ಣು, ಅದೇ ಗೊಬ್ಬರ.

ಚಳಿಗೂ ಇದಕ್ಕೂ ಆಗಲ್ಲ. ಬೆಂಗಳೂರಿನ ಡಿಸೆಂಬರ್ ಜನವರಿಯಲ್ಲಿ ರಾತ್ರಿ 15 16 ಡಿಗ್ರಿಗೆ ಇಳಿಯತ್ತಲ್ಲ, ಆಗ ಹಾಕಿದ ಬೀಜ ಸುಮ್ಮನೆ ಮಲಗಿರತ್ತೆ, ಬಂದ್ರೂ ಎಲೆ ಮೇಲೆ ಬೂದಿ ರೋಗ ಬೇಗ ಹತ್ತತ್ತೆ. ಫೆಬ್ರವರಿ ಕೊನೆ ಕಡೆ ಹಾಕಿ, ಇಲ್ಲಾ ಜೂನ್ ಜುಲೈನಲ್ಲಿ ಹಾಕಿ. ಕರಾವಳಿಯವರಿಗೆ ಈ ತಾಪತ್ರಯ ಇಲ್ಲ, ಅವರ ಚಳಿ ನಮ್ಮ ಸೆಕೆಗೆ ಸಮ.

ಹಾಕಿದ 45 50 ದಿನಕ್ಕೆ ಮೊದಲ ಕಾಯಿ. ಇಲ್ಲಿಂದ ಶುರು ಆಗತ್ತೆ ನೋಡಿ ನಿಜವಾದ ಕೆಲಸ. ಹೂ ಬೆಳಿಗ್ಗೆ ಅರಳಿ ಅವತ್ತೇ ಬಾಡತ್ತೆ, ಹಳದಿ ಹೂವಿನ ನಡುವೆ ಕಡು ಕೆಂಪು ಬಣ್ಣ, ದಾಸವಾಳದ ಸಂಬಂಧಿ ಅಂತ ನೋಡಿದ ಕೂಡ್ಲೇ ಗೊತ್ತಾಗತ್ತೆ, ಅದಕ್ಕೋಸ್ಕರನಾದ್ರೂ ಒಂದು ಗಿಡ ಹಾಕಬಹುದು. ಹೂ ಬಿದ್ದು ಐದಾರು ದಿನದೊಳಗೆ ಕಾಯಿ ಕೊಯ್ದುಬಿಡಬೇಕು. ಶುಕ್ರವಾರ ನೋಡಿ ಇನ್ನೂ ಚಿಕ್ಕದು ಅಂತ ಬಿಟ್ಟು ಶನಿವಾರ ಭಾನುವಾರ ಹಾಸನಕ್ಕೆ ಹೋಗಿ ಬಂದ್ರೆ ಸೋಮವಾರ ಅದು ನಾರು ನಾರು, ಚಾಕು ಇಳಿಯಲ್ಲ. ತುದಿ ಬಗ್ಗಿಸಿದ್ರೆ ಪಟ್ ಅಂತ ಮುರೀಬೇಕು, ಬಾಗಿದ್ರೆ ಬಲಿತಿದೆ ಅಂತ ಅರ್ಥ, ಅದನ್ನ ಬೀಜಕ್ಕೆ ಬಿಡಿ. ಬಲಿತ ಕಾಯಿ ಜಾಸ್ತಿ ಉಳಿದ್ರೆ ಗಿಡ ಹೊಸ ಹೂ ಬಿಡೋದನ್ನ ಕಮ್ಮಿ ಮಾಡತ್ತೆ, ಹಾಗಾಗಿ ಎಲ್ಲಾನೂ ಬಿಡೋ ಹಾಗೂ ಇಲ್ಲ.

ಈಗ ಲೆಕ್ಕಕ್ಕೆ ಬರೋಣ, ಯಾಕಂದ್ರೆ ಹೊಸಬರು ಬೇಜಾರಾಗೋದು ಇಲ್ಲೇ. ಒಂದು ಗಿಡ ಎರಡು ದಿನಕ್ಕೆ ಹೆಚ್ಚು ಕಮ್ಮಿ ಒಂದು ಕಾಯಿ ಕೊಡತ್ತೆ. ನಾಲ್ಕು ಜನಕ್ಕೆ ಒಂದು ಹುಳಿ ಮಾಡೋಕೆ ಕಾಲು ಕೆಜಿ ಬೇಕು ಅಂದ್ಕೊಳ್ಳಿ, ಅಂದ್ರೆ ಹದಿನೈದು ಕಾಯಿ ಮೇಲೆ. ಎರಡು ಗಿಡ ಹಾಕಿದೋರು ಸಾರಿಗೆ ಸಾಲುವಷ್ಟು ಕೂಡಿಸೋ ಹೊತ್ತಿಗೆ ಮೊದಲು ಕೊಯ್ದದ್ದು ಫ್ರಿಜ್ಜಲ್ಲಿ ಕಪ್ಪಾಗಿರತ್ತೆ. ಕನಿಷ್ಠ ಎಂಟು ಗಿಡ ಬೇಕು, ಎಂಟು ಗಿಡ ಅಂದ್ರೆ ಎಂಟು ಬ್ಯಾಗು, ಎಂಟು ಬ್ಯಾಗಿಗೆ ಕೆಂಪು ಮಣ್ಣು, ಕೋಕೋಪೀಟು (ತೆಂಗಿನ ನಾರಿನ ಪುಡಿ), ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ, ಅದನ್ನೆಲ್ಲ ಎರಡು ಮಹಡಿ ಹತ್ತಿಸೋ ಸೊಂಟ. ಬೀಜದ ಪ್ಯಾಕೆಟ್ ಅಗ್ಗ, ಬೆಂಡೆಕಾಯಿ ಅಗ್ಗ ಅಲ್ಲ. ಮಾರ್ಕೆಟ್ಟಲ್ಲಿ ಕಾಲು ಕೆಜಿಗೆ ಕೊಡೋ ದುಡ್ಡಿನ ಜೊತೆ ಹೋಲಿಸಬೇಡಿ, ಅಳು ಬರತ್ತೆ.

ಹುಳದ ವಿಷಯ ಚುಟುಕಾಗಿ ಹೇಳ್ತೀನಿ. ಎಲೆ ಕೆಳಗೆ ಹಸಿರು ಜಿಗಿಹುಳ, ಬಿಳಿ ನೊಣ, ಕಾಂಡದ ಸಂದಿಯಲ್ಲಿ ಹತ್ತಿ ಅಂಟಿದ ಹಾಗೆ ಹಿಟ್ಟು ತಿಗಣೆ, ಅದನ್ನ ಕಾಯೋಕೆ ಇರುವೆ ಸೈನ್ಯ. ಲೀಟರ್ ನೀರಿಗೆ 5 ಎಂಎಲ್ ಬೇವಿನ ಎಣ್ಣೆ, ಬೆರೀಲಿ ಅಂತ ನಾಲ್ಕು ತೊಟ್ಟು ಸೋಪಿನ ದ್ರಾವಣ, ಸಂಜೆ ಹೊತ್ತು ಎಲೆಯ ಕೆಳಭಾಗಕ್ಕೆ ಸ್ಪ್ರೇ ಮಾಡಬೇಕು, ವಾರಕ್ಕೊಮ್ಮೆ. ಹಳದಿ ನಂಜು ಬಂದ ಗಿಡಕ್ಕೆ ಯಾವ ಔಷಧಿನೂ ಇಲ್ಲ, ಕಿತ್ತು ಕವರಿಗೆ ಹಾಕಿ ಆಚೆ ಬಿಸಾಕಿ, ಪಕ್ಕದ್ದಾದ್ರೂ ಉಳೀಲಿ. ಆಮೇಲೆ ಕೊಯ್ಯೋವಾಗ ತುಂಬುತೋಳಿನ ಅಂಗಿ ಹಾಕ್ಕೊಳ್ಳಿ, ಗಿಡದ ಸುಂಕು ತಾಗಿ ಕೈಯೆಲ್ಲ ನವೆ.

ಬಸಳೆಗೆ ಬರ್ತೀನಿ. ಇದರಲ್ಲಿ ಪ್ರಾಡಕ್ಟ್ ಅನ್ನೋದೇ ಒಂದು ತಮಾಷೆ. ಆನ್‌ಲೈನಲ್ಲಿ ಮಲಬಾರ್ ಸ್ಪಿನಾಚ್ ಅಂತ ಇಂಗ್ಲಿಷ್ ಹೆಸರಿಟ್ಟು ಬೀಜ ಮಾರ್ತಾರೆ, ಪಾಲಕ್‌ಗೂ ಇದಕ್ಕೂ ಸಂಬಂಧವೇ ಇಲ್ಲ, ಕುಟುಂಬಾನೇ ಬೇರೆ. ಬೀಜ ಕರೀ ಮೆಣಸಿನ ಹಾಗಿರತ್ತೆ, ಸಿಪ್ಪೆ ಗಟ್ಟಿ, ನೆನೆಹಾಕಿ ಹಾಕಿದ್ರೂ ಎರಡು ಮೂರು ವಾರ ಕಾಯಿಸತ್ತೆ. ನಾನು ಮೊಬೈಲಲ್ಲಿ ಆ ಪ್ಯಾಕೆಟ್ ನೋಡ್ತಾ ಇದ್ದಾಗ ಪುತ್ತೂರಿಂದ ಬಂದಿದ್ದ ನಮ್ಮ ಅತ್ತೆ ಇಣುಕಿ ನೋಡಿ "ಎಂತ ಮಾರಾಯ್ರೆ, ಬಸಳೆಗೆ ಯಾರಾದ್ರೂ ದುಡ್ಡು ಕೊಟ್ಟು ಬೀಜ ತೆಗೊಳ್ತಾರಾ? ಆ ಸೊಪ್ಪಿನವಳ ಹತ್ರ ಒಂದು ಕಟ್ಟು ತನ್ನಿ, ಸೊಪ್ಪು ಪದಾರ್ಥಕ್ಕೆ, ದಂಟು ಗಿಡಕ್ಕೆ" ಅಂದ್ರು. ಪದಾರ್ಥ ಅಂದ್ರೆ ಆ ಕಡೆ ಸಾರು ಹುಳಿ ಥರದ್ದು. ಅಷ್ಟೇ ರಿವ್ಯೂ, ಇನ್ನೇನು ಬರೀಬೇಕು ಅಂತಾನೂ ಅನ್ನಿಸತ್ತೆ.

ಗಾಡಿಯಲ್ಲಿ ಕಟ್ಟು ಆರಿಸೋವಾಗ ಎಳೇ ಕುಡಿ ಬರೀ ಇರೋದು ಬೇಡ, ಪೆನ್ಸಿಲ್ ದಪ್ಪ ಆದ್ರೂ ಇರೋ ದಂಟು ಇರೋದನ್ನ ತಗೊಳ್ಳಿ. ಒಂದು ಗೇಣು ಉದ್ದ, ಮೂರು ನಾಲ್ಕು ಗಿಣ್ಣು ಬರೋ ಹಾಗೆ ಕತ್ತರಿಸಿ, ಕೆಳಗಿನ ಎಲೆ ತೆಗೆದು ಎರಡು ಗಿಣ್ಣು ಮಣ್ಣೊಳಗೆ ಹೋಗೋ ಹಾಗೆ ಊರಿದ್ರೆ ಮುಗೀತು. ತಲೆಕೆಳಗಾಗಿ ಊರಬೇಡಿ, ಎಲೆ ಇದ್ದ ಜಾಗದ ಮೇಲೆ ಚಿಗುರು ಬರತ್ತೆ ಅಂತ ನೋಡ್ಕೊಂಡ್ರೆ ಯಾವ ಕಡೆ ಮೇಲು ಅಂತ ತಿಳಿಯತ್ತೆ. ವಾರ ಹತ್ತು ದಿನಕ್ಕೆ ಬೇರು. ಮಣ್ಣು ಒಣಗದೇ ಇದ್ರೆ ಸಾಕು, ಅದಕ್ಕೆ ಬೇರೆ ಬೇಡಿಕೆ ಇಲ್ಲ. ಕರಾವಳಿ ಮನೆಗಳಲ್ಲಿ ಬಚ್ಚಲಿನ ನೀರು ಹೋಗೋ ಕಡೆ ಬಸಳೆ ಚಪ್ಪರ ಹಾಕೋದು ಸುಮ್ಮನೆ ಅಲ್ಲ, ನೀರು ಎಷ್ಟಿದ್ರೂ ಕುಡಿಯತ್ತೆ. ನಮ್ಮ ಟೆರೇಸಲ್ಲಿ ಆರ್‌ಓ ಫಿಲ್ಟರ್ ವೇಸ್ಟ್ ನೀರು, ಅಕ್ಕಿ ತೊಳೆದ ನೀರು ಎಲ್ಲ ಅದಕ್ಕೇ. ಆರ್‌ಓ ನೀರಲ್ಲಿ ಉಪ್ಪಿನಂಶ ಜಾಸ್ತಿ ಇರತ್ತೆ, ಹಾಗಾಗಿ ದಿನಾ ಅದೊಂದನ್ನೇ ಹಾಕಬೇಡಿ, ನಡುವೆ ಒಳ್ಳೇ ನೀರು ಹಾಕಿ ತೊಳೀರಿ.

ಎಲ್ಲಕ್ಕಿಂತ ಮುಖ್ಯ, ನೆರಳಿನ ಕಡೆ ಬಂತು. ಮೂರು ನಾಲ್ಕು ಗಂಟೆ ಬಿಸಿಲು ಸಾಕು, ಅರ್ಧ ನೆರಳಲ್ಲಿ ಎಲೆ ಇನ್ನೂ ಅಗಲ, ಇನ್ನೂ ಮೃದು. ಬೆಂಡೆ ಮುನಿಸಿಕೊಂಡ ಜಾಗದಲ್ಲೇ ಇದು ನೀರಿನ ಟ್ಯಾಂಕಿನ ಸ್ಟ್ಯಾಂಡಿಗೆ ಕಟ್ಟಿದ ಹಗ್ಗ ಹಿಡ್ಕೊಂಡು ಮೇಲೆ ಹತ್ತಿ ಆಚೆ ಕಡೆ ಇಳೀತು. ಐದಾರು ವಾರಕ್ಕೆ ಕೊಯ್ಯೋಕೆ ಶುರು, ತುದಿ ಚಿವುಟಿದಷ್ಟೂ ಪಕ್ಕದಿಂದ ಎರಡು ಬರತ್ತೆ. ಎರಡು ದಂಟು, ಒಂದು ದೊಡ್ಡ ಬ್ಯಾಗು ಇಲ್ಲಾ ಒಡೆದ ಬಕೆಟ್ಟು, ಅಷ್ಟರಲ್ಲೇ ನಾಲ್ಕು ಜನಕ್ಕೆ ವಾರಕ್ಕೊಂದು ಸಲ ಪದಾರ್ಥಕ್ಕೆ ಆಗೋಷ್ಟು. ಮೂರು ದಿನ ಊರಿಗೆ ಹೋಗಿ ಬಂದ್ರೆ ಬೆಂಡೆ ಬಲಿತಿರತ್ತೆ, ಬಸಳೆ ಇನ್ನೊಂದು ಗೇಣು ಬೆಳೆದಿರತ್ತೆ, ನಷ್ಟ ಏನಿಲ್ಲ. ನೀರಿಲ್ಲದೆ ಸ್ವಲ್ಪ ಸೊರಗಿದ್ರೂ ಒಂದು ಚೊಂಬು ಹಾಕಿದ್ರೆ ಸಂಜೆಗೆ ಎದ್ದು ನಿಲ್ಲತ್ತೆ.

ಹಾಗಂತ ಬಸಳೆ ದೇವರಲ್ಲ. ಮಳೆಗಾಲದಲ್ಲಿ ಎಲೆ ಮೇಲೆ ಕೆಂಪು ಅಂಚಿನ ಚುಕ್ಕೆ ಬೀಳತ್ತೆ, ನಡುವೆ ಒಣಗಿ ತೂತಾಗತ್ತೆ, ಅಂಥ ಎಲೆ ಕಿತ್ತು ಗಾಳಿ ಆಡೋ ಹಾಗೆ ಬಳ್ಳಿ ಬಿಡಿಸಿ ಕಟ್ಟಬೇಕು, ಎಲೆ ಮೇಲೆ ನೀರು ಹೊಯ್ಯಬಾರದು. ಬಸವನಹುಳಕ್ಕೆ ಇದು ಅಂದ್ರೆ ಪ್ರಾಣ, ರಾತ್ರಿ ಟಾರ್ಚ್ ಹಿಡ್ಕೊಂಡು ಹೆಕ್ಕಬೇಕು. ದಸರಾ ದೀಪಾವಳಿ ಆದ್ಮೇಲೆ ಹಗಲು ಚಿಕ್ಕದಾಗ್ತಾ ಬಂದ ಹಾಗೆ ಹೂವಿಗೆ ತಿರುಗತ್ತೆ, ಎಲೆ ಸಣ್ಣ ಆಗತ್ತೆ, ನೇರಳೆ ಬಣ್ಣದ ಹಣ್ಣು ಬಿಡತ್ತೆ, ಮಕ್ಕಳು ಅದನ್ನ ಹಿಚುಕಿ ಬಟ್ಟೆ ಹಾಳು ಮಾಡ್ಕೋತಾರೆ. ಆಗ ಧೈರ್ಯ ಮಾಡಿ ಬುಡದಿಂದ ಒಂದು ಮೊಳ ಬಿಟ್ಟು ಕತ್ತರಿಸಿ ಗೊಬ್ಬರ ಕೊಡಿ, ಬೇಸಿಗೆ ಬರೋ ಹೊತ್ತಿಗೆ ಮತ್ತೆ ತಯಾರು. ಕಿಡ್ನಿ ಕಲ್ಲಿನ ತೊಂದ್ರೆ ಇರೋರು ಡಾಕ್ಟರನ್ನ ಕೇಳಿ ತಿನ್ನಿ, ಇದರಲ್ಲಿ ಕಲ್ಲು ಕಟ್ಟೋಕೆ ಕಾರಣ ಆಗೋ ಆಕ್ಸಲೇಟ್ ಅನ್ನೋ ಅಂಶ ಇರತ್ತೆ.

ದೊಡ್ಡ ಸಮಸ್ಯೆ ಗಿಡದ್ದಲ್ಲ, ಮನೆಯವರದ್ದು. ಲೋಳೆ. ಬೆಂಡೆಗೂ ಲೋಳೆ ಇದೆ ಆದ್ರೆ ಒರೆಸಿ ಒಣಗಿಸಿ ಹೆಚ್ಚಿ ಎಣ್ಣೇಲಿ ಹುರಿದು ಹುಳಿ ಹಿಂಡಿದ್ರೆ ಗೊತ್ತಾಗಲ್ಲ, ಗೊಜ್ಜು ಮಾಡಿ, ಮಜ್ಜಿಗೆಹುಳಿ ಮಾಡಿ, ಉತ್ತರ ಕರ್ನಾಟಕದ ಕಡೆಯೋರ ಹಾಗೆ ಪಲ್ಯ ಮಾಡಿ ಜೋಳದ ರೊಟ್ಟಿ ಜೊತೆ ತಿನ್ನಿ, ಯಾರೂ ಮುಖ ಸಿಂಡರಿಸಲ್ಲ. ಬಸಳೆ ಹಾಗಲ್ಲ, ಚಿಕ್ಕಂದಿನಿಂದ ತಿಂದೋರಿಗೆ ಮಾತ್ರ ಅದರ ಬೆಲೆ ಗೊತ್ತು. ನಮ್ಮನೇಲಿ ಅತ್ತೆ ಬಂದಾಗ ತೆಂಗಿನಕಾಯಿ ಅರೆದು ಹಲಸಿನ ಬೀಜ ಹಾಕಿ ಮಾಡೋ ಬಸಳೆ ಪದಾರ್ಥ ಅಂದ್ರೆ ಹೆಂಡತಿಗೆ ಹಬ್ಬ, ದಂಟನ್ನ ನುಗ್ಗೆಕಾಯಿ ಹಾಗೆ ಜಗಿದು ರಸ ಹೀರ್ತಾರೆ. ಮೀನು ತಿನ್ನೋರು ಸಿಗಡಿ ಹಾಕಿ ಮಾಡ್ತಾರೆ, ಕೊಂಕಣಿಯವರ ವಾಳಿ ಆಂಬಟ್ ಕೂಡ ಇದೇ ಸೊಪ್ಪಿಂದು. ಹಾಸನದವನಾದ ನನಗೆ ಮೊದಮೊದಲು ಸೇರ್ತಿರಲಿಲ್ಲ, ಬೇರೆ ಸೊಪ್ಪುಗಳ ಜೊತೆ ಸೇರಿಸಿ ಮಸ್ಸೊಪ್ಪು ಮಾಡಿದ್ರೆ ಮುದ್ದೆಗೆ ಸೈ ಅಂತ ಆಮೇಲೆ ಒಪ್ಕೊಂಡೆ. ಮಗಳು ಈಗ್ಲೂ ಮುಟ್ಟಲ್ಲ, ಕಡಲೆಹಿಟ್ಟಲ್ಲಿ ಅದ್ದಿ ಎಲೆ ಬಜ್ಜಿ ಮಾಡಿದ್ರೆ ಮಾತ್ರ ಏನೂ ಕೇಳದೆ ಖಾಲಿ ಮಾಡ್ತಾಳೆ. ನಿಮ್ಮನೇಲಿ ಯಾರೂ ತಿನ್ನಲ್ಲ ಅಂದ್ರೆ ಎಷ್ಟು ಸುಲಭವಾಗಿ ಬೆಳೆದ್ರೇನು ಬಂತು, ಅಕ್ಕಪಕ್ಕದವರಿಗೆ ಹಂಚ್ತಾ ಇರಬೇಕು.

ಕರಾವಳಿ ಕಡೆಯವರು ಬೆಂಡೆ ಹಾಕೋದಾದ್ರೆ ಅರ್ಕಾ ಅನಾಮಿಕ ಬಿಟ್ಟು ಊರ ಬೆಂಡೆ ಬೀಜ ಹುಡುಕಿ ಅಂತೀನಿ, ಆ ಬಿಳಿಚು ಹಸಿರು ಬಣ್ಣದ ಉದ್ದ ಹಾಲುಬೆಂಡೆ, ಮಳೆಗಾಲದಲ್ಲಿ ಬರೋದು, ರುಚಿ ಬೇರೇನೇ. ಅದು ಪ್ಯಾಕೆಟ್ಟಲ್ಲಿ ಸಿಗೋದು ಕಷ್ಟ, ಯಾರದ್ದಾದ್ರೂ ಹಿತ್ತಲಿಂದ ಒಣ ಕಾಯಿ ಕೇಳಿ ತರಬೇಕು.

ಸ್ಟಾರ್ ಕೊಡಲೇಬೇಕು ಅಂದ್ರೆ ಅರ್ಕಾ ಅನಾಮಿಕ ಪ್ಯಾಕೆಟ್ಟಿಗೆ 5ಕ್ಕೆ 4, ಒಂದು ಕಳೆದಿದ್ದು ಹಳದಿ ನಂಜಿಗೆ. ಸೊಪ್ಪಿನ ಗಾಡಿ ಬಸಳೆಗೆ 5ಕ್ಕೆ ನಾಲ್ಕೂವರೆ, ಅರ್ಧ ಕಳೆದಿದ್ದು ಮಗಳು. ದಿನಪೂರ್ತಿ ಬಿಸಿಲು ಬೀಳೋ ಟೆರೇಸು, ಎಂಟು ಬ್ಯಾಗಿಗೆ ಜಾಗ, ಬೆಳಿಗ್ಗೆ ಕಾಫಿ ಲೋಟ ಹಿಡ್ಕೊಂಡು ಮೇಲೆ ಹೋಗೋ ಅಭ್ಯಾಸ ಇದ್ರೆ ಬೆಂಡೆ ಹಾಕಿ, ಮಕ್ಕಳಿರೋ ಮನೆಗೆ ಇದು ಇನ್ನೂ ಚೆನ್ನ, ಹೂ ಕಾಯಾಗೋದನ್ನ ಕಣ್ಣಾರೆ ನೋಡ್ತಾರೆ. ಬಾಲ್ಕನಿ ಮಾತ್ರ ಇದೆ, ಬಿಸಿಲು ಬೆಳಿಗ್ಗೆ ಬಂದು ಹೋಗತ್ತೆ, ಒಂದೇ ಕುಂಡ ಇಡೋಕೆ ಜಾಗ ಅಂದ್ರೆ ಬಸಳೆ ಬಿಟ್ಟು ಬೇರೆ ಯೋಚನೆ ಮಾಡಬೇಡಿ. ಎರಡಕ್ಕೂ ಜಾಗ ಇದ್ರೆ ಮೊದಲು ಬಸಳೆ ಊರಿ, ಅದು ಹತ್ತೋವರೆಗೆ ಬೆಂಡೆಗೆ ಬ್ಯಾಗು ಹೊಂದಿಸ್ಕೊಳ್ಳಿ. ಬ್ಯಾಗ್ ತಗೊಳೋವಾಗ ದಪ್ಪ ಎಚ್‌ಡಿಪಿಇ, ಅಂದ್ರೆ ಗಟ್ಟಿ ಥರದ ಪ್ಲಾಸ್ಟಿಕ್ಕಿಂದು, ತಗೊಳ್ಳಿ, ತೆಳು ಪ್ಲಾಸ್ಟಿಕ್‌ದು ಒಂದು ಬೇಸಿಗೆ ಬಿಸಿಲಿಗೇ ಪುಡಿಪುಡಿ ಆಗಿ ಮಣ್ಣೆಲ್ಲ ಟೆರೇಸ್ ಮೇಲೆ, ಆಮೇಲೆ ಮಾಲೀಕರ ಫೋನ್ ಬರತ್ತೆ.

ಬಾಡಿಗೆ ಮನೆಯೋರು ಇನ್ನೊಂದು ಕೇಳ್ತೀರ ಅಂತ ಗೊತ್ತು, ಮನೆ ಬದಲಾಯಿಸಿದ್ರೆ ಏನು ಗತಿ ಅಂತ. ಕಾಯಿ ಬಿಡ್ತಾ ಇರೋ ಬೆಂಡೆ ಗಿಡನ ಟೆಂಪೋದಲ್ಲಿ ಹಾಕಿದ್ರೆ ಹೊಸ ಮನೆ ಮುಟ್ಟೋ ಹೊತ್ತಿಗೆ ಅರ್ಧ ಮುರಿದಿರತ್ತೆ, ಒಣಗಿಸಿದ ಬೀಜ ಡಬ್ಬಿಗೆ ಹಾಕಿ ಒಯ್ಯೋದೇ ಸರಿ. ಬಸಳೆ ಆದ್ರೆ ನಾಲ್ಕು ದಂಟು ಕತ್ತರಿಸಿ ಒದ್ದೆ ಪೇಪರಲ್ಲಿ ಸುತ್ತಿ ಕೈಚೀಲಕ್ಕೆ ಹಾಕ್ಕೊಳ್ಳಿ, ಬುಡ ಅಲ್ಲೇ ಬಿಟ್ಟು ಬನ್ನಿ, ಮಾಲೀಕರು ತಿಂದ್ಕೊಳ್ಳಲಿ. ಅದಕ್ಕೋಸ್ಕರ ಅಡ್ವಾನ್ಸಲ್ಲಿ ಪೇಂಟಿಂಗ್ ದುಡ್ಡು ಹಿಡ್ಕೊಳ್ಳಲ್ಲ ಅಂತ ಮಾತ್ರ ನಾನು ಗ್ಯಾರಂಟಿ ಕೊಡಲ್ಲ.